ಸ್ಟೂಲಮ್ಮ ಏಳಲಿಲ್ಲ

ನನ್ನ ನಾದಿನಿಯನ್ನು ಬೀದಿಯವರೆಲ್ಲ ಸ್ಟೂಲಮ್ಮ ಎನ್ನುತ್ತಿದ್ದರು. ಆಡಿಕೊಳ್ಳಲೆಂದೇ ಇಟ್ಟ ಹೆಸರು ಅದು. ಅಂಗಡಿಗಳ ಕೋಲ್ಡ್ ರೂಮು, ಫ್ರೀಜರು ರಿಪೇರಿಗೆ ಎಲ್ಲಿಗೆ ಹೋದರೂ ಮೂರು ಕಾಲಿನ ಒಂದು ಕಬ್ಬಿಣದ ಸ್ಟೂಲನ್ನು ಹೊತ್ತೇ ಹೋಗುತ್ತಿದ್ದಳು. ಹೋದವಳು ಮೊದಲು ಯಂತ್ರ ನಿಲ್ಲಿಸಿ, ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತುಬಿಡುತ್ತಿದ್ದಳು.

"ರಿಪೇರಿಗೆ ಬಂದಳೋ, ನೆಂಟಸ್ತನಕ್ಕೆ ಬಂದಳೋ?" ಎಂದು ಜನ ಮೂಗು ಮುರಿಯುತ್ತಿದ್ದರು. ಅವಳಿಗೆ ಅದು ಕೇಳಿಸುತ್ತಿತ್ತು. ಕೇಳಿಸಿದರೂ ಏಳುತ್ತಿರಲಿಲ್ಲ.

ಹತ್ತೊಂಬತ್ತನೇ ವಯಸ್ಸಿಗೇ ಗಂಡನ ಮನೆ ಬಿಟ್ಟು ಬಂದವಳು. ಯಾಕೆ ಬಂದೆ ಎಂದರೆ, "ಅಲ್ಲಿ ಕೂರೋಕೆ ಜಾಗ ಇರಲಿಲ್ಲ ಅತ್ತಿಗೆ" ಎಂದಷ್ಟೇ ಹೇಳಿದಳು. ನನ್ನ ಗಂಡನಿಗೆ ಒಂದೇ ಶಟರಿನ ವರ್ಕ್‌ಶಾಪಿತ್ತು. ತಂಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಎರಡು ವರ್ಷಕ್ಕೆ ಪೈಪು ಬೆಸೆಯುವುದರಲ್ಲಿ ಅವರನ್ನೇ ಮೀರಿಸಿದಳು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೆ ನನ್ನ ಅಂಕಿ ದುಂಡಗೆ, ಚೆನ್ನಾಗಿ ಬರುತ್ತಿತ್ತು. ಎಷ್ಟು ಬಿಸಿಗೆ ಯಂತ್ರದೊಳಗಿನ ತಂಪಿನ ಗ್ಯಾಸಿನ ಒತ್ತಡ ಎಷ್ಟಿರಬೇಕು ಎಂದು ತೋರಿಸುವ ಪಟ್ಟಿ ಎಣ್ಣೆ ಕುಡಿದು ಹಾಳಾದಾಗ, ಹಳೇ ಕ್ಯಾಲೆಂಡರಿನ ಹಿಂಬದಿಗೆ ಅದನ್ನು ಇಳಿಸಿಕೊಟ್ಟವಳು ನಾನೇ.

ಒಂದು ಚಳಿಗಾಲದ ನಡುವೆ ನನ್ನ ಗಂಡ ಎದೆನೋವೆಂದು ಮಲಗಿದವರು ಏಳಲೇ ಇಲ್ಲ. ಮೈದುನ ಬಂದು, "ಹೆಂಗಸರಿಬ್ಬರು ಮೆಷಿನ್ ಅಂಗಡಿ ನಡೆಸ್ತೀರಾ? ಮಾರಿ ಕೈ ತೊಳ್ಕೊಳ್ಳಿ" ಎಂದ. ನಾದಿನಿ ಶಟರು ಎತ್ತುತ್ತಲೇ, "ಕೈ ದಿನಾ ತೊಳ್ಕೋತೀವಿ, ಎಣ್ಣೆ ಹೋಗಲ್ಲ" ಎಂದಳು.

ಅವರು ಹೋದ ಮೂರೇ ವಾರಕ್ಕೆ ಡೈರಿಯಿಂದ ಕರೆ ಬಂತು. ನಮ್ಮ ಗಿರಾಕಿಗಳಲ್ಲೆಲ್ಲ ದೊಡ್ಡದು ಆ ಡೈರಿ. ಅದನ್ನು ನೋಡಿಯೇ ಉಳಿದವರು ನಮ್ಮ ಹತ್ತಿರ ಬರುತ್ತಿದ್ದರು. ಅಲ್ಲಿನ ಪೈಪು ಸೋರುತ್ತಿತ್ತು. ಅವಳು ಹೋಗಿ ಬೆಸೆದು, ಗ್ಯಾಸು ತುಂಬಿ ಬಂದಳು. ಎರಡು ತಿಂಗಳು ಯಾರೂ ಸೊಲ್ಲೆತ್ತಲಿಲ್ಲ.

ಬೇಸಿಗೆ ಕಾಲಿಟ್ಟಿದ್ದೇ ತಡ, ಅದೇ ಯಂತ್ರ ದಿನಾ ಮಧ್ಯಾಹ್ನ ಎರಡು ಗಂಟೆಗೆ ನಿಲ್ಲತೊಡಗಿತು. ಒತ್ತಡ ಮಿತಿ ಮೀರಿದರೆ ಯಂತ್ರವನ್ನು ತಾನಾಗಿಯೇ ನಿಲ್ಲಿಸುವ ಒಂದು ಸ್ವಿಚ್ಚಿರುತ್ತದೆ. ಅದು ಟಕ್ಕೆಂದು ಬೀಳುತ್ತಿತ್ತು. ಯಜಮಾನ ಒಂದು ದೊಡ್ಡ ಕಂಪನಿಯ ಮೆಕ್ಯಾನಿಕನನ್ನು ಕರೆಸಿದ. ಅವನು ಎರಡು ನಿಮಿಷ ನೋಡಿ, ಕಂಪ್ರೆಸರ್ರೇ ಹೋಗಿದೆ, ಹೊಸದು ಹಾಕಬೇಕು, ಇನ್ನು ಮುಂದೆ ಇದನ್ನೆಲ್ಲ ನಮ್ಮ ಕಂಪನಿಗೇ ಕೊಡಿ ಎಂದನಂತೆ. ಆ ಮಾತು ನಮ್ಮ ಕಿವಿಗೆ ಬಿದ್ದಾಗ ನಾದಿನಿ ಪಂಪು, ಸಿಲಿಂಡರುಗಳನ್ನು ಆಟೋಗೆ ಹಾಕಿಸಿ ಸ್ಟೂಲು ಎತ್ತಿಕೊಂಡಳು. ಡೈರಿ ಹೋದರೆ ಶಟರು ಇಳಿದ ಹಾಗೆಯೇ ಎಂದು ಗೊತ್ತಿದ್ದರಿಂದ ನಾನೂ ಕ್ಯಾಲೆಂಡರು ಸುತ್ತಿಕೊಂಡು ಹಿಂದೆಯೇ ಹೊರಟೆ.

ಯಜಮಾನ ನಮ್ಮನ್ನು ಕಂಡು ಮುಖ ಗಂಟಿಕ್ಕಿದ. "ಬಂದ್ರಾ? ಒಳಗೆ ಹಾಲಿದೆ, ಬೆಣ್ಣೆ ಇದೆ. ಆ ಸ್ವಿಚ್ಚಿಗೆ ಒಂದು ವೈರ್ ಸುತ್ತಿ ಕಟ್ಟಿಬಿಡಿ, ಓಡ್ತಾ ಇರಲಿ. ಆಮೇಲೆ ನೋಡೋಣ."

"ನಿಮ್ಮ ಬಾಯಿಗೆ ಬಟ್ಟೆ ಕಟ್ಟಿದ್ರೆ ನಿಮ್ಮ ಹೊಟ್ಟೆನೋವು ಹೋಗುತ್ತಾ? ಕಿರುಚೋದು ಮಾತ್ರ ನಿಲ್ಲುತ್ತೆ. ನಾನು ಕಟ್ಟಲ್ಲ" ಎಂದಳು ನಾದಿನಿ.

ಶಾಖ ಹೊರಹಾಕುವ ಜಾಲರಿಗೆ ಅಂಗೈ ಹಿಡಿದಳು. ಧೂಳಿತ್ತು, ತೊಳೆದಳು. ಫ್ಯಾನು ಸರಿಯಾಗಿಯೇ ತಿರುಗುತ್ತಿತ್ತು. ಬಿಸಿಗಾಳಿ ಹೋಗುವ ದಾರಿಗೆ ಅಡ್ಡಲಾಗಿ ಯಾರೋ ಖಾಲಿ ಕ್ರೇಟುಗಳನ್ನು ಸೂರಿನ ತನಕ ಪೇರಿಸಿದ್ದರು. ಇಬ್ಬರೂ ಸೇರಿ ಎಳೆದು ಹಾಕಿದೆವು. ಒತ್ತಡದ ಮುಳ್ಳು ಸ್ವಲ್ಪ ಇಳಿಯಿತು, ಸಾಕಾಗುವಷ್ಟಲ್ಲ. ಆಗ ಕಂಪ್ರೆಸರು ನಿಲ್ಲಿಸಿ, ಫ್ಯಾನು ಮಾತ್ರ ಓಡಲು ಬಿಟ್ಟು ಸ್ಟೂಲಿನ ಮೇಲೆ ಕೂತಳು.

"ನಿಲ್ಸಿದ್ಯಾಕೆ?" ಯಜಮಾನನ ಕೂಗಿಗೆ ಗೋಡೆಯೇ ಅದುರಿತು.

"ಜಾಲರಿ ಹೊರಗಿನ ಗಾಳಿಯಷ್ಟು ತಣ್ಣಗಾಗಬೇಕು. ಆಗ ಗೊತ್ತಾಗುತ್ತೆ. ಕೋಲ್ಡ್ ರೂಮಿನ ಬಾಗಿಲು ತೆಗೀಬೇಡಿ, ಒಳಗಿನ ತಂಪು ಎಲ್ಲೂ ಓಡಿಹೋಗಲ್ಲ." ಹಾಗೆಂದು ಬಾಗಿಲ ಕೀಲಿಯನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಳು. "ಅತ್ತಿಗೆ, ಬಾಗಿಲಿನ ರಬ್ಬರು ಸಡಿಲ ಇದೆ, ಒತ್ತಿ ಒರಗಿ ನಿಂತ್ಕೋ." ನಿಂತೆ. ನನ್ನ ಮೈಭಾರದಿಂದ ನಾಲ್ಕು ಜನಕ್ಕೆ ಉಪಕಾರವಾದದ್ದು ಅವತ್ತೊಂದೇ ದಿನ.

ಕಂಪನಿಯ ಮೆಕ್ಯಾನಿಕನೂ ಬಂದು ಗೋಡೆಗೊರಗಿ ಹಲ್ಲು ಕಿರಿದ. "ಏನು ಸ್ಟೂಲಮ್ಮ, ಮೊಟ್ಟೆಗೆ ಕಾವು ಕೊಡ್ತಾ ಇದೀಯಾ?"

"ಹೌದಪ್ಪಾ, ಮರಿ ಹೊರಗೆ ಬಂದ್ರೆ ನಿನ್ನ ಹೆಸರೇ ಇಡ್ತೀನಿ."

ಮುಕ್ಕಾಲು ಗಂಟೆ ಕಳೆಯಿತು. ಜಾಲರಿಯ ಒಳಹೋಗುವ ಪೈಪು, ಹೊರಬರುವ ಪೈಪು ಎರಡನ್ನೂ ಮುಟ್ಟಿ ನೋಡಿದಳು. ಎರಡೂ ಒಂದೇ ಸಮ. ಥರ್ಮಾಮೀಟರಿನಲ್ಲಿ ಹೊರಗಿನ ಗಾಳಿ ಮೂವತ್ತೆರಡು ಡಿಗ್ರಿ. ನಾನು ಕ್ಯಾಲೆಂಡರು ಬಿಚ್ಚಿ, ಮೂವತ್ತೆರಡಕ್ಕೆ ಒತ್ತಡ ನೂರ ಅರವತ್ತೇಳು ಎಂದು ಓದಿದೆ. ಗೇಜಿನ ಮುಳ್ಳು ನೂರ ತೊಂಬತ್ತೈದರಲ್ಲಿ ನಿಂತಿತ್ತು. ಬರೀ ಗ್ಯಾಸಿದ್ದರೆ ಮುಳ್ಳು ಪಟ್ಟಿಯ ಅಂಕಿಗೇ ಬರಬೇಕು. ಅದಕ್ಕಿಂತ ಮೇಲಿದೆಯೆಂದರೆ ಒಳಗೆ ಸೇರಬಾರದ್ದು ಸೇರಿದೆ. ಗಾಳಿ. ಬೇಸಿಗೆಯ ಶಾಖ ಬರುವ ತನಕ ಅದು ತೆಪ್ಪಗಿತ್ತು, ಅಷ್ಟೆ.

ಗಾಳಿ ಹೇಗೆ ಸೇರಿತೆಂದು ಅವಳಿಗೆ ಗೊತ್ತಿತ್ತು. ನನ್ನ ಕಿವಿಯಲ್ಲಿ ಹೇಳಿದಳು: "ಪೈಪು ಬೆಸೆದ ಮೇಲೆ ಪಂಪು ಹಚ್ಚಿ ಒಳಗಿನ ಗಾಳಿ ಎಲ್ಲ ಹೊರಗೆಳೀಬೇಕು. ಮೂರು ಗಂಟೆ ಬೇಕಿತ್ತು. ಈ ಯಜಮಾನ್ರು ಬೆನ್ನ ಹಿಂದೆ ನಿಂತು ಬೇಗ ಬೇಗ ಅಂತಿದ್ರು. ಅಣ್ಣ ಹೋದ ಮೇಲೆ ಮೊದಲನೇ ಕೆಲಸ, ಹೆದರಿದೆ. ಇಪ್ಪತ್ತೇ ನಿಮಿಷಕ್ಕೆ ಪಂಪು ಬಿಚ್ಚಿಬಿಟ್ಟೆ."

"ಬಾಯಿ ಬಿಡಬೇಡ. ಸುಮ್ಮನೆ ಸರಿ ಮಾಡು. ಯಾರಿಗೆ ಗೊತ್ತಾಗುತ್ತೆ?" ಎಂದೆ. ಅವತ್ತು ನಾನು ಹೇಳಿದ್ದು ಅದೇ. ಮುಚ್ಚಿಟ್ಟು ಫಲವೇನು.

ಅವಳು ಯಜಮಾನನ ಕಡೆ ತಿರುಗಿದಳು. "ಕಂಪ್ರೆಸರ್ ಗಟ್ಟಿಯಾಗಿದೆ. ಹೊಸದು ಬೇಡ. ಒಳಗೆ ಗಾಳಿ ಸೇರಿದೆ. ಸೇರಿಸಿದವಳು ನಾನೇ."

ಮೆಕ್ಯಾನಿಕ್ ಚಪ್ಪಾಳೆ ತಟ್ಟಿದ. "ಕೇಳಿದ್ರಾ ಸಾರ್? ಅವಳೇ ಒಪ್ಕೊಂಡ್ಳು!"

"ನೀನು ನಗು, ಪರವಾಗಿಲ್ಲ" ಎಂದಳು. "ಆದ್ರೆ ಹೇಳು, ಯಂತ್ರ ತಣ್ಣಗಾಗೋ ತನಕ ಕಾಯದೇ ನೀನು ಕಂಪ್ರೆಸರ್ ಹೋಗಿದೆ ಅಂತ ಹೇಗೆ ಕಂಡುಹಿಡಿದೆ? ಕನಸು ಬಿತ್ತಾ?"

ಅವನು ಚಪ್ಪಾಳೆಯ ಕೈಯನ್ನು ಜೇಬಿಗಿಳಿಸಿದ. ಯಜಮಾನನ ಕಣ್ಣು ಮಾತ್ರ ಕೆಂಡವಾಗಿತ್ತು. "ಎದ್ದು ಹೊರಡು. ನಿನ್ನ ಅಣ್ಣನಾಗಿದ್ರೆ ಹೀಗೆ ಮಾಡ್ತಿರಲಿಲ್ಲ."

"ನಿಜ, ಅಣ್ಣ ಮಾಡ್ತಿರಲಿಲ್ಲ. ನೀವು ಬೇಗ ಬೇಗ ಅಂದಿದ್ರೆ ನಿಮ್ಮನ್ನೇ ಹೊರಗೆ ಕಳಿಸ್ತಿದ್ದ. ನಾನು ಕಳಿಸಲಿಲ್ಲ, ಅದೇ ನನ್ನ ತಪ್ಪು. ಇವತ್ತು ಕಳಿಸ್ತೀನಿ. ಮೂರು ಗಂಟೆ ಈ ಕಡೆ ಯಾರೂ ಬರಬಾರದು. ಕೆಡಿಸಿದವಳು ನಾನು, ಸರಿ ಮಾಡದೆ ಜಪ್ಪಯ್ಯ ಅಂದ್ರೂ ಏಳಲ್ಲ. ಬೇಕಾದ್ರೆ ಸ್ಟೂಲಿನ ಸಮೇತ ಹೊತ್ತು ಹಾಕಿ."

ಯಜಮಾನ ಅವಳನ್ನು ನೋಡಿದ, ಬಾಗಿಲಿಗೊರಗಿದ್ದ ನನ್ನನ್ನು ನೋಡಿದ. ಇಬ್ಬರನ್ನು ಹೊರುವುದು ಆಗದ ಮಾತೆಂದು ಅನ್ನಿಸಿರಬೇಕು. "ನಾಳೆ ಎರಡು ಗಂಟೆಗೆ ನಿಲ್ಲಲಿ, ಆಮೇಲೆ ನಿಮ್ಮ ಶಟರಿಗೆ ನಾನೇ ಬೀಗ ಹಾಕಿಸ್ತೀನಿ" ಎಂದು ದಡದಡನೆ ಹೊರಟುಹೋದ.

ಅವಳು ಹಳೇ ಗ್ಯಾಸನ್ನೆಲ್ಲ ಸಿಲಿಂಡರಿಗೆ ಇಳಿಸಿದಳು. ಪಂಪು ಹಚ್ಚಿ ಮೂರು ಗಂಟೆ ಮುಳ್ಳಿನ ಮೇಲೆ ನೆಟ್ಟ ಕಣ್ಣು ಕೀಳಲಿಲ್ಲ. ಆಮೇಲೆ ಹೊಸ ಗ್ಯಾಸನ್ನು ತೂಕ ಹಾಕಿ ತುಂಬಿದಳು. ಯಂತ್ರ ಓಡತೊಡಗಿದಾಗ ನನ್ನ ಕಾಲು ಮರದ ಕೊರಡಾಗಿತ್ತು. ಹಾಲು ಒಂದು ತೊಟ್ಟೂ ಕೆಟ್ಟಿರಲಿಲ್ಲ.

ಮಾರನೇ ದಿನ ಹಿಂದಿನ ದಿನಕ್ಕಿಂತ ಕೆಟ್ಟ ಬಿಸಿಲು. ಒಂದೂವರೆಗೇ ಹೋಗಿ ಸ್ಟೂಲು ಹಾಕಿಕೊಂಡಳು. ಯಜಮಾನ ಕೈಕಟ್ಟಿ ನಿಂತ. ಮೆಕ್ಯಾನಿಕ್ ಗಡಿಯಾರ ನೋಡುತ್ತಿದ್ದ. ಎರಡಾಯಿತು. ಎರಡೂ ಹತ್ತಾಯಿತು. ಮುಳ್ಳು ಎಲ್ಲಿತ್ತೋ ಅಲ್ಲೇ ಇತ್ತು. ಎರಡೂವರೆಗೆ ಮೆಕ್ಯಾನಿಕ್ ಯಾರಿಗೂ ಹೇಳದೆ ಜಾಗ ಖಾಲಿ ಮಾಡಿದ.

ಯಜಮಾನ ಕಟ್ಟಿದ್ದ ಕೈ ಬಿಟ್ಟ. "ಸರಿ. ಇನ್ನೊಂದು ಸಲ ಹೀಗೆ ಮಾಡಬೇಡಮ್ಮ."

"ಇನ್ನೊಂದು ಸಲ ನೀವು ಬೇಗ ಬೇಗ ಅನ್ನಬೇಡಿ" ಎಂದಳು ನಾದಿನಿ.

ಹೊರಡುವಾಗ ಸ್ಟೂಲು ಎತ್ತಿಕೊಳ್ಳಲು ನಾನು ಬಗ್ಗಿದೆ. ಅವಳು ನನ್ನ ಕೈ ಹಿಡಿದಳು. "ಬಿಡು ಅತ್ತಿಗೆ, ಇಲ್ಲೇ ಇರಲಿ. ಬೇಸಿಗೆ ಇನ್ನೂ ಉದ್ದ ಇದೆ, ಬರ್ತಾ ಇರ್ತೀನಿ." ಯಜಮಾನ ತಾನೇ ಅದನ್ನು ಗೋಡೆಯ ಪಕ್ಕಕ್ಕೆ ಸರಿಸಿಟ್ಟ. ವರ್ಕ್‌ಶಾಪಿಗೆ ಬಂದವಳು ಬೆಂಚಿನಡಿಯಿಂದ ಕಬ್ಬಿಣದ ಮೂರು ಸರಳು ಎಳೆದು, ಬೆಳಕಿರುವಾಗಲೇ ಇನ್ನೊಂದು ಸ್ಟೂಲು ಬೆಸೆಯಲು ಕೂತಳು.