ಪಟ್ಟಿಯ ಇನ್ನೊಂದು ತುದಿ

ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆ ಒಂದು ತಾಸಿನಲ್ಲಿ ಏನೇನು ಕೆಡಬಹುದೆಂದು ನಾನು ನಾಲ್ಕು ತಿಂಗಳು ಕೂತು ಯೋಚಿಸಿದ್ದೆ. ಟೈರು ಪಂಕ್ಚರ್ ಆಗಬಹುದಿತ್ತು. ಮಳೆ ಹಿಡಿದು ಹಳ್ಳ ಏರಬಹುದಿತ್ತು. ಕೈಯಲ್ಲಿದ್ದ ಕುಂದಾದ ಡಬ್ಬಿಯಿಂದ ತುಪ್ಪ ಸೋರಿ, ಬಾಜೂ ಕೂತವರ ಧೋತರ ಹಾಳಾಗಿ, ಅವರು ನಮ್ಮ ಮನೆತನವನ್ನೇ ಎತ್ತಿ ಬೈಯಬಹುದಿತ್ತು. ಸಿಹಿ ಮುಟ್ಟಬೇಡಿರೆಂದು ಡಾಕ್ಟರು ಅಕ್ಕೋರಿಗೆ ಅದೇ ವಾರ ಹೇಳಿರಬಹುದಿತ್ತು. ಅಕ್ಕೋರು ಮನೆಯಲ್ಲೇ ಇಲ್ಲದಿರಬಹುದಿತ್ತು. ಇದ್ದರೂ ಗುರುತು ಹತ್ತದೆ "ಯಾರ್ರೀ ನೀವು?" ಅನ್ನಬಹುದಿತ್ತು. ಗುರುತು ಹತ್ತಿ, ಬಾಗಿಲಲ್ಲೇ ನಿಲ್ಲಿಸಿ ಹದಿನೇಳರ ಮಗ್ಗಿ ಕೇಳಬಹುದಿತ್ತು.

ಇದ್ಯಾವುದೂ ಆಗಲಿಲ್ಲ. ಆದದ್ದು ಒಂದೇ, ಅದೂ ಸಣ್ಣದು. ಅದು ತಿಳಿಯಬೇಕಾದರೆ ಮೊದಲು ಅಕ್ಕೋರು ತಿಳಿಯಬೇಕು.

ನೀಲಗಂಗಾ ಅಕ್ಕೋರು ನನಗೆ ನಾಲ್ಕನೇ ಇಯತ್ತೆಯಲ್ಲಿ ಕಲಿಸಿದವರು. ಗಿಡ್ಡ ಆಳು, ಹಣೆಗೆ ವಿಭೂತಿ, ಇಳಕಲ್ ಸೀರೆ. ಸೆರಗಿನ ತುದಿಗೆ ಯಾವಾಗಲೂ ಒಂದು ಗಂಟು. ಗಂಟಿನೊಳಗೆ ಸೀಮೆಸುಣ್ಣದ ಚೂರುಗಳು. ಬೇರೆ ಶಿಕ್ಷಕರು ಚೂರನ್ನು ಹುಡುಗರ ತಲೆಗೆ ಗುರಿಯಿಟ್ಟು ಒಗೆಯುತ್ತಿದ್ದ ಕಾಲ ಅದು. ಅಕ್ಕೋರು ಅದನ್ನು ಯಾರು ಒಬ್ಬರೇ ಕೂತಿರುತ್ತಾರೋ ಅವರ ಕೈಗೆ ಕೊಟ್ಟು, "ಇದನ್ನ ಆ ಹುಡುಗಿಗಿ ಕೊಟ್ಟು ಬಾ" ಅನ್ನುತ್ತಿದ್ದರು. ಆ ಹುಡುಗಿಗೆ ಅದರ ಅಗತ್ಯ ಇರುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ನಮ್ಮಪ್ಪ ಖಾನಾಪುರದ ಹಂಚಿನ ಕಾರ್ಖಾನೆಯ ಗುಮಾಸ್ತಿಕೆ ಬಿಟ್ಟು ಬೆಳಗಾವಿಯ ಫೌಂಡ್ರಿಯೊಂದಕ್ಕೆ ಸೇರಿದರು. ಹಾಗೆ ನಾನು ವರ್ಷದ ನಡುವೆ ಹೊಸ ಸಾಲೆಗೆ ಬಂದು ಬಿದ್ದೆ. ಖಾನಾಪುರದ ಓಣಿಯಲ್ಲಿ ಆಡಿದ್ದೆಲ್ಲ ಮರಾಠಿಯಲ್ಲಿ. ನನ್ನ ಕನ್ನಡ ಅರ್ಧಕ್ಕೇ ನಿಲ್ಲುತ್ತಿತ್ತು. ಅಲ್ಲಿಯ ಕೆಂಪು ಮಣ್ಣು ನನ್ನ ಬಿಳಿ ಫ್ರಾಕು ಬಿಟ್ಟು ಹೋಗಿರಲಿಲ್ಲ. "ಏ ಹಂಚು, ಸರದ ಕುಂದ್ರ, ಬಣ್ಣಾ ಹತ್ತತೈತಿ!" ಎಂದು ಹುಡುಗಿಯರು ನಗುತ್ತಿದ್ದರು. ನಾನು ಸರಿಯುತ್ತಿದ್ದೆ. ಸರಿಯುವುದರಲ್ಲಿ ನಾನು ಮೊದಲಿನಿಂದಲೂ ಹುಷಾರು. ಸರಿದು ಸರಿದು ಒಂದು ವಾರಕ್ಕೆ ಗೋಡೆ ಮುಟ್ಟಿದೆ.

ಆಗ ನಾವು ಕೂಡುತ್ತಿದ್ದದ್ದು ನೆಲದ ಮೇಲೆ, ಗೋಣಿ ನಾರಿನ ಉದ್ದನೆಯ ಪಟ್ಟಿಗಳ ಮೇಲೆ. ಸಂಜೆ ಗಂಟೆ ಹೊಡೆದ ಮೇಲೆ ಅವನ್ನು ಸುತ್ತಿಡಬೇಕು. ಎಲ್ಲ ವರ್ಗಗಳಲ್ಲೂ ಒಬ್ಬರು ಒಂದು ತುದಿಯಿಂದ ಸುತ್ತಿ ಒಂದು ಸುರುಳಿ ಮಾಡುತ್ತಿದ್ದರು. ಅಕ್ಕೋರ ವರ್ಗದಲ್ಲಿ ಮಾತ್ರ ಇಬ್ಬರು, ಎರಡು ತುದಿಗಳಿಂದ. ಆ ಇಬ್ಬರನ್ನು ಅಕ್ಕೋರೇ ಆರಿಸುತ್ತಿದ್ದರು. ಸುತ್ತುತ್ತ ಸುತ್ತುತ್ತ ನಡುವೆ ಭೇಟಿಯಾದಾಗ ಒಬ್ಬರನ್ನೊಬ್ಬರು ಒಂದೊಂದು ಪ್ರಶ್ನೆ ಕೇಳಬೇಕು. ಮರುದಿನ ಹಾಜರಿ ಹೇಳುವಾಗ ಆಕೆಯ ಉತ್ತರ ನೀವು ಹೇಳಬೇಕು, ನಿಮ್ಮದು ಆಕೆ.

"ಮಾರಿ ನೋಡಾಕ ನಾಚಿಕಿ ಬಂದ್ರ ಪಟ್ಟಿ ನೋಡ್ರಿ," ಅನ್ನುತ್ತಿದ್ದರು. "ಪಟ್ಟಿ ಮುಗೀತಂದ್ರ ಮಾರಿನ ಕಾಣ್ತೈತಿ, ಎಲ್ಲಿ ಹೋದೀರಿ!"

ಹೆಡ್‌ಮಾಸ್ತರರಿಗೆ ಇದು ಸೇರುತ್ತಿರಲಿಲ್ಲ. ಒಂದು ಸಂಜೆ ಬಾಗಿಲಲ್ಲಿ ನಿಂತು ಕೇಳಿದರು: "ಅಕ್ಕೋರ, ಒಂದು ಸುರುಳಿ ಆಗೂದಕ್ಕ ಎರಡ್ಯಾಕ? ಸಾಲಿ ಐತೋ, ಜಮಖಾನಿ ಅಂಗಡಿ ಐತೋ?"

"ಸಂಜೀತನಕ ಸಾಲಿ ಐತ್ರಿ ಸರ. ಗಂಟಿ ಹೊಡದ ಮ್ಯಾಲ ಅಂಗಡಿ," ಎಂದು ಅಕ್ಕೋರು ಮಣಿಯದೆ ಸೆರಗಿನ ಗಂಟು ಬಿಗಿ ಮಾಡಿಕೊಂಡರು.

ನನಗೆ ಜೋಡಿಯಾಗಿ ಸಿಕ್ಕವಳು ಪದ್ಮಾ. ಜೈನರ ಹುಡುಗಿ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕೆಂದು ಅವಳ ಅಜ್ಜಿಯ ಕಟ್ಟಪ್ಪಣೆ. ಗಂಟೆ ಹೊಡೆದ ಕೂಡಲೇ ಓಡುವವಳಿಗೆ ಸಂಜೆಯ ಆಟದ ಗೆಳತಿಯರಿರಲಿಲ್ಲ. ಅವಳು ಅವಸರದಲ್ಲಿ ಸರಸರ ಸುತ್ತಿಕೊಂಡು ಬಂದಳು. ನಾನು ಸೊಟ್ಟಗಾದೀತೆಂದು ಹೆದರಿ ಎರಡೆರಡು ಸಲ ಬಿಚ್ಚಿ ಸುತ್ತುತ್ತ ನನ್ನ ಗೋಡೆಯ ಹತ್ತಿರವೇ ಉಳಿದಿದ್ದೆ. ನಡು ಬರುವ ಮೊದಲೇ ಅವಳ ಹಣೆ ನನ್ನ ಹಣೆಗೆ ಢಿಕ್ಕಿ ಹೊಡೆಯಿತು.

ತಪ್ಪಾಯಿತೆಂದು ನಾನು ಅಳುವುದಕ್ಕೆ ಅಣಿಯಾದೆ. "ಅಕ್ಕೋರ, ಇದು ನಡು ಅಲ್ರೀ..."

"ನಡು ಅಂದ್ರ ನಟ್ಟನಡುವ ಇರಬೇಕಂತ ಎಲ್ಲೈತವ್ವಾ? ಒಬ್ರು ಹೆಚ್ಚು ಬರ್ತಾರ, ಒಬ್ರು ಕಡಿಮಿ. ಭೇಟಿ ಆದ್ರ ಸಾಕು."

ಪದ್ಮಾ ಹಣೆ ತಿಕ್ಕಿಕೊಳ್ಳುತ್ತ ಕೇಳಿದಳು: "ಇವತ್ತ ನಿಮ್ಮ ಮನ್ಯಾಗ ಏನ್ ಮಾಡ್ಯಾರ?" ಯಾವ ಉತ್ತರ ಕೊಟ್ಟರೆ ಯಾರು ನಗುತ್ತಾರೋ ಎಂದು ಬಹಳ ವಿಚಾರ ಮಾಡಿ ನಾನು ಹೇಳಿದೆ: "ನಂಗ ಹಸಿವಿಲ್ಲ."

ಮರುದಿನ ಪದ್ಮಾ ಎದ್ದು ನಿಂತು ಇಡೀ ವರ್ಗಕ್ಕೆ ಗಂಭೀರವಾಗಿ ವರದಿ ಒಪ್ಪಿಸಿದಳು: "ಇಕಿಗಿ ಹಸಿವಿಲ್ಲಂತ್ರಿ, ಅಕ್ಕೋರ. ಅಡಗಿ ಏನಂತ ಇನ್ನೂ ಹೇಳಿಲ್ಲ." ವರ್ಗವೆಲ್ಲ ನಕ್ಕಿತು. ನಾನೂ ನಕ್ಕೆ; ಆ ಸಾಲೆಯಲ್ಲಿ ಮೊದಲ ಸಲ. ಪದ್ಮಾ ಈಗ ಸಾಂಗ್ಲಿಯಲ್ಲಿದ್ದಾಳೆ. ನಮ್ಮಿಬ್ಬರಿಗೂ ತಲೆ ನರೆತಿದೆ, ಪತ್ರದ ಕೊನೆಗೆ ಇನ್ನೂ ಬರೆಯುತ್ತಾಳೆ: "ಹಸಿವು ಆತೇನ?"

ಎಂಬತ್ತರ ದಶಕದಲ್ಲಿ ಅಕ್ಕೋರು ನಿವೃತ್ತರಾದರು. ಮದುವೆಯಾದವರಲ್ಲ. ಒಡಹುಟ್ಟಿದ ತಮ್ಮ ಖಾನಾಪುರದಲ್ಲಿದ್ದನೆಂದು ಅವನ ಮನೆಯ ಹತ್ತಿರ ಒಂದು ಖೋಲಿ ಹಿಡಿದರು. ಬೆಳಗಾವಿಯಲ್ಲಿ ಟೈಪಿಸ್ಟಾಗಿದ್ದ ನನಗೆ ಒಂದು ಕಾರ್ಡು ಬಂತು: "ಈ ಓಣ್ಯಾಗ ಈಗ ನಾನ ಹೊಸ ಹುಡುಗಿ. ಎಲ್ಲಾ ಮರಾಠಿ ಮಾತು; ತಿಳೀತೈತಿ, ಆಡಾಕ ನಾಲಿಗಿ ಹೊಳ್ಳವಲ್ದು. ಇದು ನಿನ್ನ ಊರು. ಒಮ್ಮೆ ಬಂದು ಹೋಗವ್ವಾ." ಆ ಕಾರ್ಡು ನಾಲ್ಕು ತಿಂಗಳು ನನ್ನ ಪರ್ಸಿನಲ್ಲಿತ್ತು. ಮೇಲೆ ಹೇಳಿದ ಪಂಕ್ಚರು, ಹಳ್ಳ, ತುಪ್ಪ ಎಲ್ಲ ಆಗ ಬೆಳೆದವು.

ಕಡೆಗೊಂದು ಭಾನುವಾರ ಹೋದೆ. ಬಾಗಿಲಲ್ಲೇ ಕೈ ಹಿಡಿದರು. ಗುರುತು ಹತ್ತಿತು, ಕುಂದಾ ತಿಂದರು, ಮಗ್ಗಿ ಕೇಳಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಉದ್ದಕ್ಕೆ ಹಾಸಿತ್ತು ನಮ್ಮ ಸಾಲೆಯ ಹಳೆಯ ಪಟ್ಟಿ. ಬೀಳ್ಕೊಡುವಾಗ ಬೇಡಿ ತಂದಿದ್ದರಂತೆ.

"ನಾಕು ಮಂದಿ ಬಂದು ಕುಂತಾರು ಅಂತ ದಿನಾ ಹಾಸ್ತೀನಿ. ಸಂಜೀಕ ಸುತ್ತತೀನಿ," ಅಂದರು. "ಬಾಜೂ ಮನಿಯಾಕಿ ನನ್ನ ಕಂಡ್ರ ನಗತಾಳ. ನಾನೂ ನಗತೀನಿ. ಆರು ತಿಂಗಳಾತು, ಇಬ್ಬರೂ ಬರೇ ನಕ್ಕೋತ ಕುಂತೀವಿ ನೋಡು."

"ಕರದ ಬಿಡ್ರಿ, ಅಕ್ಕೋರ."

"ಕರದ್ರ ಯಾರೂ ಬರಂಗಿಲ್ಲವ್ವಾ. ಏನರ ಎರಡೂ ಕಡೆ ಹಿಡಿಯೂ ಕೆಲಸ ಇರಬೇಕು."

ನಾನು ಗಡಿಯಾರ ನೋಡಿಕೊಂಡೆ.

ಆ ವರ್ಷ ದೀಪಾವಳಿಗೆ ಮೊದಲು ಅಕ್ಕೋರು ತೀರಿಕೊಂಡರು. ಸುದ್ದಿ ಕೇಳಿ ಪದ್ಮಾ ಬರೆದಳು: "ಕಡೀಕ ನೀನರ ಭೇಟಿ ಆಗಿದ್ದಿ, ಪುಣ್ಯಾ ಮಾಡೀದಿ. ಹೊಂಡೂ ಮುಂದ ಏನ್ ಅಂದ್ರು?" ಅವಳ ಎಲ್ಲ ಪತ್ರಗಳಿಗೂ ಉತ್ತರ ಬರೆದಿದ್ದೇನೆ, ಆ ಒಂದು ಪ್ರಶ್ನೆ ಬಿಟ್ಟು.

ಆ ಭಾನುವಾರ ನಾನು ಹೊರಡುವ ಹೊತ್ತು. ಬಿಸಿಲು ಇಳಿದಿತ್ತು. ಬಾಜೂ ಮನೆಯಾಕೆ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಎದ್ದೆ, ಅಕ್ಕೋರೂ ಎದ್ದು, ಪಟ್ಟಿಯ ಆ ತುದಿಗೆ ಹೋಗಿ ಮೊಣಕಾಲೂರಿ ಕೂತರು. ಅಂಚು ಹಿಡಿದು ತಲೆಯೆತ್ತಿ ನನ್ನನ್ನು ನೋಡಿದರು. ಸುತ್ತಲಿಲ್ಲ, ಸುಮ್ಮನೆ ಹಿಡಿದುಕೊಂಡೇ ಇದ್ದರು. ಈ ತುದಿ ನನ್ನ ಕಾಲ ಹತ್ತಿರವೇ ಇತ್ತು. ಅದನ್ನು ದಾಟಿ ಚಪ್ಪಲಿ ಮೆಟ್ಟಿದೆ.

"ಬಸ್ ತಪ್ಪತೈತ್ರಿ, ಅಕ್ಕೋರ."

"ಹೌದಲ್ಲ. ಸಾವಕಾಶ ಹೋಗವ್ವಾ."

ಬಸ್ಸು ತಪ್ಪಲಿಲ್ಲ. ಡ್ರೈವರು ಚಹಾ ಕುಡಿಯುತ್ತಿದ್ದ. ಬಿಡಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಕಿಟಕಿಯ ಬಳಿ ಜಾಗ ಸಿಕ್ಕು, ಖಾಲಿ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಈ ಸಲ ಯಾವುದೂ ಕೆಡಲಿಲ್ಲವಲ್ಲ ಎಂದು ಒಂದೊಂದೇ ನೆನೆಯುತ್ತ ಕೂತಾಗ ಅವರು ಕೂತ ರೀತಿ ಕಣ್ಣಿಗೆ ಬಂತು. ಈ ತುದಿ ನಾನು ಹಿಡಿದಿದ್ದರೆ ಬಾಜೂ ಮನೆಯಾಕೆ ನೋಡುತ್ತಿದ್ದಳು. ನೋಡಿದವಳು ನಾಳೆ ತಾನೇ ಬಂದು ಹಿಡಿಯುತ್ತಿದ್ದಳೇನೋ. ಇಳಿದು ಓಡಿದರೆ ಅಕ್ಕೋರ ಮನೆ ಐದು ನಿಮಿಷ. ಇಳಿದ ಮೇಲೆ ಬಸ್ಸು ಬಿಟ್ಟರೆ ಹೇಗೆಂದು ನಾನು ಇಪ್ಪತ್ತು ನಿಮಿಷವೂ ಯೋಚಿಸಿದೆ.