ಪೆಟಿಗೆಯ ಮುಚ್ಚಳದ ಮೂರು ಹೆಸರು

ಬಸವೇಶ್ವರಿ ಗುಲಾಬಬಿಯನ್ನು ಮೊದಲು ಕಂಡದ್ದು ಹುನಗುಂದದ ಒಂದು ತಗಡಿನ ಶೆಡ್ಡಿನಲ್ಲಿ, ಶ್ರಾವಣದ ಒಂದು ಮಧ್ಯಾಹ್ನ. ಟಂಟಂ ಆಟೋದಿಂದ ಸಾಗವಾನಿ ಪೆಟಿಗೆ ಇಳಿಸಿದಾಗ ಗುಲಾಬಬಿ ಬಂದವಳ ಮುಖ ನೋಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಮುಚ್ಚಳ ಎತ್ತಿ, ಒಳಗೆ ತಲೆ ಹಾಕಿ ಮೂಸಿದಳು. ಐವತ್ತು ದಾಟಿದ ವಯಸ್ಸು. ಉಗುರಿನ ಸಂದಿಯಲ್ಲೆಲ್ಲ ಅರಗಿನ ಕೆಂಪು. ಗಂಡ ಕಲಿಸಿದ ಪಾಲಿಶ್ ಕೆಲಸವನ್ನು ಅವನು ತೀರಿಕೊಂಡ ಮೇಲೂ ಬಿಡದೆ ನಡೆಸಿದವಳು ಎಂದು, ಪೆಟಿಗೆ ದುರಸ್ತಿ ಮಾಡಿದ ಇಳಕಲ್ಲಿನ ಬಡಿಗೇರ ಬಸವೇಶ್ವರಿಗೆ ಹೇಳಿ ಇಲ್ಲಿಗೆ ಕಳಿಸಿದ್ದ.

ಮುಚ್ಚಳದ ಒಳಮೈಯಲ್ಲಿ ಒಂದರ ಕೆಳಗೊಂದು ಮೂರು ಹೆಸರಿದ್ದವು: ಚೇತನಕುಮಾರ, ಅಮಾತೆಪ್ಪ, ಬಸವೇಶ್ವರಿ. ಸೀರೆ ನೇಯುವ ಮನೆಯವಳಾದ ಬಸವೇಶ್ವರಿಯ ಅವ್ವ ಬರೆಯಲು ಕಲಿತದ್ದು ತನ್ನ ಮಕ್ಕಳ ಆ ಮೂರು ಹೆಸರನ್ನಷ್ಟೇ. ನಡುವಿನ ಅಮಾತೆಪ್ಪ ಎರಡು ವರ್ಷದವನಿದ್ದಾಗಲೇ ಹೋದ. ಒಂದು ಫೋಟೋ ಕೂಡ ಇಲ್ಲ. ಆ ನಾಲ್ಕು ಅಕ್ಷರ ಬಿಟ್ಟರೆ ಅವನು ಹುಟ್ಟಿದ್ದಕ್ಕೆ ಬೇರೆ ಗುರುತಿಲ್ಲ. ಅಕ್ಷರಗಳು ಪೆಟಿಗೆಯೊಳಗಿನ ಸೀರೆಗಳಿಗೆ ಉಜ್ಜಿ ಉಜ್ಜಿ ಮಾಸುತ್ತಿದ್ದವು. ಅವುಗಳ ಮೇಲೆ ಬಣ್ಣವಿಲ್ಲದ ಪಾಲಿಶ್ ಬಳಿಸಿ ಉಳಿಸಿಕೊಳ್ಳಬೇಕೆಂದು ಬಸವೇಶ್ವರಿ ಬಂದಿದ್ದಳು. ಇದನ್ನೆಲ್ಲ ಅವಳು ಗುಲಾಬಬಿಗೆ ಹೇಳಿದಳು.

"ಏತರಿಂದ ಬರದಾರ್ರಿ?"

"ಪೆನ್ಸಿಲ್."

"ಎಂಥಾ ಪೆನ್ಸಿಲ್?"

ಬಸವೇಶ್ವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಬ್ರಷ್ ಮುಟ್ಟುವುದಿಲ್ಲ ಎಂದಳು ಗುಲಾಬಬಿ. ಬಸವೇಶ್ವರಿಗೆ ಸಿಟ್ಟು ಬಂತು. ಬಾಗಲಕೋಟೆಯಲ್ಲಿ ಮಷಿನ್ ಹಚ್ಚಿ ಒಂದೇ ದಿನದಲ್ಲಿ ಮಾಡಿಕೊಡುತ್ತಾರೆಂದು ಎದ್ದು ನಿಂತಳು.

"ಒಯ್ರಿ. ನಿಮ್ಮವ್ವ ಬರದದ್ದು ಉಳೀತೋ ಅಳೀತೋ, ಅವ್ರಿಗೇನಾಗಬೇಕು?"

ಬಸವೇಶ್ವರಿ ಮತ್ತೆ ಕುಳಿತಳು. ಗುಲಾಬಬಿ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿಗೆ ಅದ್ದಿದಳು. "ಒಂದ ಅಕ್ಷರಕ್ಕ ಹಚ್ಚಿ ನೋಡೂನ್ರಿ. ಯಾರ ಹೆಸರಿಗೆ ಹಚ್ಚಲಿ, ನೀವ ಹೇಳ್ರಿ ಅಕ್ಕಾರ."

ಬಸವೇಶ್ವರಿ ತನ್ನ ಹೆಸರಿನತ್ತ ಬೆರಳು ತೋರಿಸಿದಳು. "ನಂದಕ್ಕ ಹಚ್ಚು. ಕಡೇ ಅಕ್ಷರಕ್ಕ."

ಹತ್ತಿ ತಾಗಿತು. ಏನೂ ಆಗಲಿಲ್ಲ. ನೋಡಿದಿಯಾ ಎಂದು ಬಸವೇಶ್ವರಿ ಬಾಯಿ ತೆರೆಯುವಷ್ಟರಲ್ಲಿ ಗುಲಾಬಬಿ ಅವಳ ಮೊಣಕೈ ಹಿಡಿದು ತಡೆದಳು. ಬೂದು ಅಕ್ಷರದ ಅಂಚು ನೇರಳೆಗೆ ತಿರುಗಿತು. 'ರಿ' ಕರಗಿ ಕಟ್ಟಿಗೆಯ ಎಳೆ ಹಿಡಿದು ಕೆಳಗಿಳಿಯಿತು. ಗುಲಾಬಬಿ ಒಣಬಟ್ಟೆ ಒತ್ತಿ ತೆಗೆದಾಗ ಅಲ್ಲಿ ಕಲೆಯಷ್ಟೇ ಇತ್ತು.

ಹಸಿ ತಾಗಿದರೆ ನೇರಳೆ ಶಾಯಿಯಾಗುವ ಪೆನ್ಸಿಲ್ ಅದು. ಅವ್ವ ಅದರ ಮೊನೆಯನ್ನು ನಾಲಿಗೆಗೆ ತಾಗಿಸಿ ಬರೆಯುತ್ತಿದ್ದಳೆಂದೂ, ಬರೆದಾದ ಮೇಲೆ ನಾಲಿಗೆ ನೇರಳೆಯಾಗುತ್ತಿತ್ತೆಂದೂ ಆಗ ಬಸವೇಶ್ವರಿಗೆ ನೆನಪಾಯಿತು. ಮೊದಲೇ ನೆನಪಾಗಿದ್ದರೆ ಎಂದು ಅತ್ತಳು. ಗುಲಾಬಬಿ ಅಮಾತೆಪ್ಪನ ಹೆಸರನ್ನು ಬಗ್ಗಿ ನೋಡಿ, "ಇದಕ್ಕ ಏನೂ ತಾಗಿಲ್ರಿ" ಎಂದಳು.

ಒಂಬತ್ತು ದಿನ ಹಿಡಿಯಿತು. ಪೆಟಿಗೆಯ ಹೊರಮೈಗೆ ಅರಗಿನ ಪಾಲಿಶ್ ತೆಳ್ಳಗೆ ಹನ್ನೊಂದು ಸಲ ಎಳೆದಳು. ಒಳಗೆ ಏನೂ ಬಳಿಯಲಿಲ್ಲ. ಹೆಸರುಗಳ ಸುತ್ತ ಕಟ್ಟಿಗೆಯ ಸಣ್ಣ ಪಟ್ಟಿ ಹೊಡೆಸಿ, ಅಕ್ಷರಕ್ಕೆ ತಾಗದಂತೆ ಗಾಜು ಕೂಡಿಸಿದಳು.

ಗುಲಾಬಬಿ ಈಗಲೂ ಹುನಗುಂದದಲ್ಲಿ ಪಾಲಿಶ್ ಕೆಲಸ ಮಾಡುತ್ತಾಳೆ. ಗುರುವಾರ ಬಸ್ಸು ಹತ್ತಿ ಅಮೀನಗಡಕ್ಕೆ ಹೋಗಿ ಅಲ್ಲಿನ ಬಡಿಗೇರರ ಬಾಗಿಲು, ತೊಟ್ಟಿಲುಗಳಿಗೂ ಪಾಲಿಶ್ ಹಚ್ಚಿ ಬರುತ್ತಾಳೆ.