ಸೆಲ್ಲಿಲ್ಲದೆ ಹತ್ತಿದ ಬಲ್ಬು

ನಮ್ಮ ಮೊಮ್ಮಗಳು ಭವ್ಯ ಎಲೆಕ್ಟ್ರಿಕಲ್ ಡಿಪ್ಲೊಮಾ ಪಾಸಾಗವಳೆ ಕಣ್ರೀ! ಬೆಳಿಗ್ಗೆಯಿಂದ ದಬ್ಬೇಘಟ್ಟದ ಬಸ್‌ಸ್ಟ್ಯಾಂಡಿನವರೆಗೂ ಸಕ್ಕರೆ ಹಂಚಿ ಬಂದಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಶಕುನ, ಸೂಚನೆ ಅಂದವರನ್ನು ನೋಡಿ ನಗಾಡಿದವಳು ನಾನು. ಒಂದು ದಿನ ಆ ನಗು ನಿಂತುಹೋಯಿತು.

ಆಗ ಭವ್ಯ ಏಳನೇ ಕ್ಲಾಸು. ಸ್ಕೂಲಿಗೆಂದು ತೆಂಗಿನ ಚಿಪ್ಪಿನೊಳಗೆ ಪುಟ್ಟ ಬಲ್ಬು ಕೂರಿಸಿ, ಎರಡು ವೈರು, ಒಂದು ಸೆಲ್ಲು ಸೇರಿಸಿ ಹತ್ತಿಸಿ ತೋರಿಸಿದಳು.

“ಹೋದ ಕರೆಂಟು ಸುತ್ತಿ ವಾಪಸ್ ಬರಬೇಕು ಕಣಜ್ಜಿ. ದಾರಿ ಒಂದು ಕಡೆ ಕಿತ್ರೂ ಹತ್ತಲ್ಲ.”

“ಅಂಗಾದ್ರೆ ನಮ್ಮ ಗೌರಿ ಹಸ ಇದ್ದಂಗೆ ಬುಡು. ಎಲ್ಲಿ ಮೇದ್ರೂ ಕೊಟ್ಟಿಗೆಗೇ ಬತ್ತೈತೆ.”

“ನಮ್ಮ ಮೇಷ್ಟ್ರಿಗಿಂತ ನೀನೇ ವಾಸಿ!” ಅಂತ ನಕ್ಕಳು.

ಆ ರಾತ್ರಿ ಗಾಳಿಮಳೆ ಹೊಡೆದು ಕರೆಂಟು ಹೋಯಿತು. ಬೆಳಿಗ್ಗೆ ತೋಟಕ್ಕೆ ಹೋದರೆ ತೆಂಗಿನ ಹಸಿ ಸೋಗೆಯೊಂದು ಬಿದ್ದು, ಮೋಟಾರಿನ ವೈರು ಕಿತ್ತು, ಅದಕ್ಕೇ ಸಿಕ್ಕಿಕೊಂಡು ಜೋತಾಡುತ್ತಿತ್ತು. ಬಿದ್ದ ಸೋಗೆ ಕಂಡರೆ ಒಲೆಗಾಯಿತು ಅಂತ ಎಳೆಯದೆ ಬಿಡುವ ಕೈ ನಮ್ಮ ಸೀಮೆಯಲ್ಲಿಲ್ಲ. ಕರೆಂಟೇ ಇಲ್ಲವಲ್ಲ ಅಂತ ನಾನೂ ಕೈ ಚಾಚಿದೆ.

ನನ್ನ ಹಿಂದೆ ಬಂದಿದ್ದ ಭವ್ಯ ಚಿಪ್ಪನ್ನು ಕಲ್ಲಿನ ಮೇಲಿಟ್ಟು ಹೂವು ಕೀಳುತ್ತಿದ್ದಳು. ಆ ಚಿಪ್ಪಿನ ಬಲ್ಬು ಪಕ್ಕನೆ ಹತ್ತಿತು. ನಾನು ಚಾಚಿದ ಕೈ ಹಿಂದಕ್ಕೆ ತೆಗೆದು ತಿರುಗಿದೆ.

“ನೋಡೇ, ನಿನ್ನ ದೀಪ ಹತ್ತೈತೆ!”

“ಎಲ್ಲಿ ಹತ್ತುತ್ತಜ್ಜಿ? ಸೆಲ್ಲನ್ನ ನಿನ್ನೇನೇ ಟಿವಿ ರಿಮೋಟಿಗೆ ಹಾಕ್ದೆ.”

ಅವಳು ಅಂದು ಬಾಯಿ ಮುಚ್ಚಿರಲಿಲ್ಲ, ಕರೆಂಟು ಬಂತು. ಸೋಗೆ ಚಟಚಟ ಸಿಡಿದು ಹೊಗೆಯಾಡಿತು. ಮಗ ಓಡಿಬಂದು ಫ್ಯೂಸು ಕಿತ್ತ. ಭವ್ಯ ನನ್ನನ್ನು ತಬ್ಬಿಕೊಂಡು ಅತ್ತಳು: “ಮುಟ್ಟಿದ್ರೆ ನಿನ್ನ ಮೈಯೇ ದಾರಿ ಆಗಿ ಕರೆಂಟು ನೆಲಕ್ಕೆ ಹೋಗೋದು ಕಣಜ್ಜಿ.” ಅವತ್ತೇ ಹಿಡಿಯಿತು ನೋಡಿ ಅವಳಿಗೆ ಈ ಕರೆಂಟಿನ ಹುಚ್ಚು.

ಗಾಜಿನ ಮೇಲೆ ಬಿಸಿಲು ಹೊಳೆದಿರಬೇಕು ಅಂತಾನೆ ಮಗ. ಅವತ್ತು ಬಿಸಿಲೇ ಇರಲಿಲ್ಲ. ಇಷ್ಟು ಓದಿದ ಭವ್ಯಳನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ. ಹತ್ತಿಸಿದವರು ಯಾರೋ, ಅವರಿಗೆ ದಿನಾ ಕೈ ಮುಗಿಯುತ್ತೇನೆ. ಅವರಿಂದ ಈ ದಿನ ಕಂಡೆ.

ಇವತ್ತು ಸಂಜೆ ಒಬ್ಬಟ್ಟು ಮಾಡಿದೆ, ಮನೆಮಂದಿಯೆಲ್ಲ ಸಾಲಾಗಿ ಉಣ್ಣಲು ಕೂತರು. ಬಡಿಸುವಾಗ ನನ್ನ ಕಣ್ಣು ಗೋಡೆಯ ಗೂಡಿನಲ್ಲಿಟ್ಟ ಆ ಚಿಪ್ಪಿನ ಕಡೆ ಹೋಯಿತು.

“ಹತ್ತೈತಾ ಅಜ್ಜಿ?” ಅಂದಳು ಭವ್ಯ.

“ಇಲ್ಲ ಕಣೇ, ನೀನು ಉಣ್ಣು” ಅಂತ ಅವಳ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ, ತುಪ್ಪ ಬಿಟ್ಟು, ನಾನೂ ಪಕ್ಕದಲ್ಲಿ ಕೂತೆ.